ಕ್ಯಾಮೆರಾ ಕೇಳಿದವರಿಗೆ ಪೆನ್ನು ಕೊಡುವ ಕ್ಲಾಸು

ಪ್ರತಿ ವರ್ಷ ಮೊದಲ ವಾರದಲ್ಲೇ ಯಾರಾದರೂ ಕೇಳುತ್ತಾರೆ: "ಮೇಡಂ, ಕ್ಯಾಮೆರಾ ಯಾವಾಗ ಕೊಡ್ತೀರಿ?" ನಾನು ಪೆನ್ನು, ಹಾಳೆ ಕೊಡುತ್ತೇನೆ. ಅರ್ಧ ಕ್ಲಾಸಿನ ಮುಖ ಸಪ್ಪಗಾಗುತ್ತದೆ.

ನಾನು ಪಾಠ ಮಾಡುವುದು ಇಂಗ್ಲಿಷ್ ಪದವಿಯೊಳಗೆ ಬರುವ ಮೀಡಿಯಾ ಆರ್ಟ್ಸ್. ಇಲ್ಲಿ ಓದುವವರು ಬೆಳಿಗ್ಗೆ ಕವಿತೆ, ನಾಟಕ ಓದುತ್ತಾರೆ. ಮಧ್ಯಾಹ್ನ ಚಿತ್ರಕಥೆ ಬರೆಯುತ್ತಾರೆ, ಪಾಡ್‌ಕಾಸ್ಟ್ ಮಾಡುತ್ತಾರೆ, ಮೂರು ನಿಮಿಷದ ಸಾಕ್ಷ್ಯಚಿತ್ರ ಎಡಿಟ್ ಮಾಡುತ್ತಾರೆ. ಎತ್ತಣ ಮಾಮರ, ಎತ್ತಣ ಕೋಗಿಲೆ ಅನ್ನಿಸಬಹುದು. ಆದರೆ ಈ ನಂಟು ಹಳೆಯದು. ಮಾಧ್ಯಮವೇ ಸಂದೇಶ ಎಂದ ಮಾಧ್ಯಮ ಚಿಂತಕ ಮಾರ್ಷಲ್ ಮೆಕ್ಲುಹಾನ್ ಮೂಲತಃ ಇಂಗ್ಲಿಷ್ ಮೇಷ್ಟ್ರು. 1943ರಲ್ಲಿ ಕೇಂಬ್ರಿಜ್‌ನಿಂದ ಅವರು ಪಿಎಚ್‌ಡಿ ಪಡೆದದ್ದು ಥಾಮಸ್ ನ್ಯಾಶ್ ಎಂಬ ಹದಿನಾರನೇ ಶತಮಾನದ ಲೇಖಕನ ಬಗ್ಗೆ ಬರೆದು, ಟಿವಿ ಬಗ್ಗೆ ಅಲ್ಲ. 1964ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನಪ್ರಿಯ ಸಂಸ್ಕೃತಿಯ ಅಧ್ಯಯನಕ್ಕೆಂದೇ ಒಂದು ಕೇಂದ್ರ ತೆರೆದ ರಿಚರ್ಡ್ ಹೊಗಾರ್ಟ್ ಕೂಡ ಇಂಗ್ಲಿಷ್ ಪ್ರಾಧ್ಯಾಪಕರೇ.

ಮೆಕ್ಲುಹಾನ್ ಕೇಂಬ್ರಿಜ್‌ನಲ್ಲಿ ಸಾಹಿತ್ಯ ವಿಮರ್ಶಕ ಐ.ಎ. ರಿಚರ್ಡ್ಸ್ ಅವರ ಪಾಠ ಕೇಳಿದವರು. ರಿಚರ್ಡ್ಸ್ 1920ರ ದಶಕದಲ್ಲಿ ಒಂದು ತಮಾಷೆಯ ಪರೀಕ್ಷೆ ಮಾಡಿದ್ದರು. ಕವಿಯ ಹೆಸರು ತೆಗೆದು ಬರೀ ಕವಿತೆಯನ್ನು ವಿದ್ಯಾರ್ಥಿಗಳ ಕೈಗಿಟ್ಟು, ಅನ್ನಿಸಿದ್ದನ್ನು ಬರೆಯಿರಿ ಎಂದರು. ದೊಡ್ಡ ಕವಿಗಳ ಪದ್ಯವನ್ನೂ ಹುಡುಗರು ಧೈರ್ಯವಾಗಿ ಬೈದು ಹಾಕಿದರು! ನಾನೂ ಅದನ್ನೇ ಮಾಡುತ್ತೇನೆ. ಎರಡು ನಿಮಿಷದ ದೃಶ್ಯ, ಹೆಸರಿಲ್ಲ, ಸದ್ದಿಲ್ಲ. ಕಟ್, ಅಂದರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾಗುವ ಜಾಗ, ಎಲ್ಲಿ ಬಂತು, ಯಾಕೆ ಅಲ್ಲೇ ಬಂತು ಅಂತ ಬರೆಯಬೇಕು. ಸಿನಿಮಾ ಹುಚ್ಚಿರುವವರೇ ಇಲ್ಲಿ ಜಾಸ್ತಿ ಎಡವುತ್ತಾರೆ. ಅವರಿಗೆ ಕಥೆ ಕಾಣುತ್ತದೆ, ಕಟ್ ಕಾಣುವುದಿಲ್ಲ.

ಇನ್ನು ಪೆನ್ನಿನ ವಿಷಯ. ಮೊದಲ ಅಭ್ಯಾಸಕ್ಕೆ ಒಂದೇ ವಾಕ್ಯ ಕೊಡುತ್ತೇನೆ: 'ಅವನಿಗೆ ಈ ಕೆಲಸ ಸಾಕಾಗಿ ಹೋಗಿತ್ತು.' ಇದನ್ನು ಚಿತ್ರಕಥೆಯಾಗಿ ಬರೆಯಬೇಕು. ಕಥೆಯಲ್ಲಾದರೆ ಸುಮ್ನೆ ಹಾಗೆ ಬರೆದು ಮುಂದೆ ಹೋಗಬಹುದು. ಆದರೆ 'ಸಾಕಾಗಿತ್ತು' ಎನ್ನುವುದು ಕ್ಯಾಮೆರಾಗೆ ಕಾಣುವುದಿಲ್ಲ, ಅಲ್ವಾ? ಕ್ಲಾಸಿನ ಮುಕ್ಕಾಲು ಪಾಲು ಜನ ಬರೆಯುವುದು 'ಅವನು ನಿಟ್ಟುಸಿರು ಬಿಡುತ್ತಾನೆ' ಅಂತ. ಕೆಲವರು ಅವನನ್ನು ಕಿಟಕಿ ಪಕ್ಕ ನಿಲ್ಲಿಸುತ್ತಾರೆ. ಒಂದು ವರ್ಷ ಒಬ್ಬ ಹುಡುಗ ಹೀಗೆ ಬರೆದಿದ್ದ: 'ಫೋನ್ ರಿಂಗಾಗುತ್ತದೆ. ಅವನು ಅದನ್ನು ಬೋರಲು ಹಾಕುತ್ತಾನೆ. ಕೊರಳಿನ ಐಡಿ ಕಾರ್ಡ್ ತೆಗೆದು, ಅದರ ದಾರವನ್ನು ಬೆರಳಿಗೆ ಸುತ್ತುತ್ತಾನೆ, ಬಿಚ್ಚುತ್ತಾನೆ. ಮತ್ತೆ ಸುತ್ತುತ್ತಾನೆ.' ನಿಟ್ಟುಸಿರಿಲ್ಲ, ಮಾತಿಲ್ಲ. ದುಃಖ ಎಂಬ ಪದವನ್ನೇ ಬಳಸದೆ ಕವಿ ದುಃಖವನ್ನು ಹೇಗೆ ತಂದ ಅಂತ ಅವನು ಹಿಂದಿನ ವಾರವಷ್ಟೇ ಪಕ್ಕದ ಕೋಣೆಯಲ್ಲಿ ಕಲಿತಿದ್ದ. ಅದು ಇಲ್ಲಿ ದಾರವಾಗಿ ಬಂತು.

ಈ ಕೋರ್ಸ್ ಎಲ್ಲರಿಗೂ ಅಲ್ಲ. ಲೆನ್ಸು, ಬೆಳಕು, ಕಲರ್ ಗ್ರೇಡಿಂಗ್ ಇವೇ ನಿಮ್ಮ ಪ್ರಾಣ ಅಂತಾದರೆ ಫಿಲ್ಮ್ ಸ್ಕೂಲಿಗೇ ಹೋಗಿ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ನಾನು ಕೊಡುವುದು ಎರಡು ವಾರ ಮಾತ್ರ. ಸೇರುವ ಮುಂಚೆ ವಿಭಾಗದಲ್ಲಿ ಇಷ್ಟು ಕೇಳಿ: ಎಷ್ಟು ಪೇಪರ್‌ಗಳಲ್ಲಿ ನಿಜಕ್ಕೂ ಏನಾದರೂ ತಯಾರಿಸಬೇಕು? ರೆಕಾರ್ಡರ್, ಕ್ಯಾಮೆರಾ ಎರವಲು ಸಿಗುತ್ತದಾ? ಕೊನೆಯ ವರ್ಷ ಪ್ರಾಜೆಕ್ಟ್ ಇದೆಯಾ? ಬರೀ ಸಿನಿಮಾ ಇತಿಹಾಸ ಪಾಠ ಮಾಡಿ ಮೀಡಿಯಾ ಆರ್ಟ್ಸ್ ಎಂದು ಹೆಸರಿಟ್ಟಿರುವುದೂ ಉಂಟು. ನಮ್ಮಲ್ಲಿ ಪ್ರಾಜೆಕ್ಟ್ ಜೊತೆಗೆ ಒಂದು ಪ್ರಬಂಧವನ್ನೂ ಕೊಡಬೇಕು: ಯಾವುದನ್ನು ಯಾಕೆ ಹಾಗೆ ಮಾಡಿದಿರಿ ಅಂತ. ನಾನು ಜಾಸ್ತಿ ಬೈಸಿಕೊಳ್ಳುವುದು ಈ ಪ್ರಬಂಧಕ್ಕೆ. ಇಂಟರ್‌ವ್ಯೂನಲ್ಲಿ ಪೋರ್ಟ್‌ಫೋಲಿಯೊ, ಅಂದರೆ ತಾವು ಮಾಡಿದ ಕೆಲಸಗಳ ಸಂಗ್ರಹ, ಮುಂದಿಟ್ಟು ಮಾತಾಡಬೇಕಾಗಿ ಬಂದಾಗ ಅದೇ ಕೈಹಿಡಿಯಿತು ಅಂತ ಕೆಲವರು ಆಮೇಲೆ ಮೆಸೇಜ್ ಮಾಡುತ್ತಾರೆ. ಪೋರ್ಟ್‌ಫೋಲಿಯೊ ಅಂದಾಗ ನೆನಪಾಯಿತು, ಕಂಡವರ ಹಾಡನ್ನು ಹಿನ್ನೆಲೆಗೆ ಹಾಕಬೇಡಿ. ಕ್ಲಾಸಿನಲ್ಲಿ ನಡೆದು ಹೋಗುತ್ತದೆ. ನೆಟ್‌ಗೆ ಹಾಕಿದ ದಿನ ಕಾಪಿರೈಟ್ ತಕರಾರು ಶುರು.

ಸೇರುವ ಮೊದಲು ಏನು ಕೊಳ್ಳಬೇಕು ಅಂತಲೂ ಕೇಳುತ್ತಾರೆ. ಮೊದಲ ವರ್ಷಕ್ಕೆ ಫೋನ್ ಸಾಕು. ಕೊಳ್ಳಲೇಬೇಕು ಅನ್ನಿಸಿದರೆ, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಕೊಳ್ಳಿ. ಚಿತ್ರ ಸ್ವಲ್ಪ ಅಲುಗಿದರೆ ನೋಡುವವರು ಸಹಿಸಿಕೊಳ್ಳುತ್ತಾರೆ, ಸದ್ದು ಕೆಟ್ಟರೆ ಎದ್ದು ಹೋಗುತ್ತಾರೆ.

ಒಬ್ಬ ವಿದ್ಯಾರ್ಥಿನಿ ನಿವೃತ್ತ ಟೈಪಿಸ್ಟ್ ಒಬ್ಬರ ಸಂದರ್ಶನ ರೆಕಾರ್ಡ್ ಮಾಡಿ ತಂದಳು. ಆ ಟೈಪಿಸ್ಟ್ ಅಮ್ಮ ಒಳ್ಳೆಯ ಮಾತುಗಾತಿ. ಆದರೆ ಮೇಲೆ ಫ್ಯಾನ್ ತಿರುಗುತ್ತಿತ್ತು. ಎಡಿಟ್ ಮಾಡಿದ ಕಡೆಯಲ್ಲೆಲ್ಲ ಫ್ಯಾನಿನ ಗುಂಯ್ ಸದ್ದು ಗಕ್ಕನೆ ನಿಂತು ಮತ್ತೆ ಹಾರುತ್ತಿತ್ತು. ಇದಕ್ಕೆ ಮದ್ದು ಸುಲಭ. ಯಾರೂ ಮಾತಾಡದೆ ಆ ಕೋಣೆಯ ಸದ್ದನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಳ್ಳಬೇಕು. ಇದಕ್ಕೆ ರೂಮ್ ಟೋನ್ ಅನ್ನುತ್ತೇವೆ. ಕಟ್‌ಗಳ ಕೆಳಗೆ ಅದನ್ನು ಹಾಸಿದರೆ ಕಿವಿಗೆ ಬೆಸುಗೆ ಗೊತ್ತಾಗುವುದಿಲ್ಲ.

ಫ್ಯಾನಿಗಿಂತ ದೊಡ್ಡ ತಪ್ಪು ಬೇರೆ ಇತ್ತು. ಆ ಅಮ್ಮ ತಡೆದು ನಿಂತ ಜಾಗಗಳನ್ನೆಲ್ಲ ಇವಳು ಕತ್ತರಿಸಿ ಎಸೆದಿದ್ದಳು. ಮಾತು ಚುರುಕಾಗಲಿ ಅಂತ. ಮೂಲ ರೆಕಾರ್ಡಿಂಗ್ ಹಾಕು ಎಂದೆ. 'ಆಫೀಸಿಗೆ ಕಂಪ್ಯೂಟರ್ ಬಂದ ದಿನ' ಎಂದು ಹೇಳಿ ಅವರು ನಾಲ್ಕು ಸೆಕೆಂಡ್ ಸುಮ್ಮನಾಗಿದ್ದರು. ಆಮೇಲೆ 'ಸ್ವೀಟ್ ಹಂಚಿದ್ರು' ಎಂದಿದ್ದರು. ಎಡಿಟ್ ಮಾಡಿದ್ದರಲ್ಲಿ ಅದು ಸಂಭ್ರಮದ ಸುದ್ದಿಯ ಹಾಗೆ ಕೇಳುತ್ತಿತ್ತು. ಪದ್ಯದ ಸಾಲು ಎಲ್ಲಿ ಮುರಿಯುತ್ತದೆ ಅಂತ ಪುಟಗಟ್ಟಲೆ ಬರೆಯುವ ಹುಡುಗಿ, ಇಲ್ಲಿ ಸಾಲನ್ನೇ ಸೇರಿಸಿ ಹೊಲಿದುಬಿಟ್ಟಿದ್ದಳು. ಹೇಳಿದ ಕೂಡಲೇ ಅವಳಿಗೆ ಗೊತ್ತಾಯಿತು. ನಾಲ್ಕು ಸೆಕೆಂಡ್ ವಾಪಸ್ ಬಂತು.

ಮುಂದಿನ ವಾರ ಇನ್ನಷ್ಟು ಮಾತು ರೆಕಾರ್ಡ್ ಮಾಡಿಕೊಂಡು ಬಂದಳು. ಈ ಸಲ ಫ್ಯಾನ್ ಆಫ್ ಮಾಡಿದ್ದಳು, ರೂಮ್ ಟೋನ್ ಕೂಡ ತಂದಿದ್ದಳು. ಗೋಡೆ ಗಡಿಯಾರ ಮಾತ್ರ ಮರೆತಿದ್ದಳು. ಕಟ್ ಆದಲ್ಲೆಲ್ಲ ಅದು ತಾಳ ತಪ್ಪುತ್ತಿತ್ತು.