ಬೀಗದ ಕೈ ಮತ್ತು ಗಡಿಯಾರ

ಚಿನ್ನಿ ಮೊದಲ ಸಲ ಬಿದ್ದದ್ದು ರೊಟ್ಟಿ ಬುಟ್ಟಿಯ ಪಕ್ಕದಲ್ಲಿ. ನಿದ್ದೆಯಲ್ಲಿದ್ದ ನಾಯಿ ಒಮ್ಮೆಲೇ ಸೆಟೆದುಕೊಂಡು, ಕತ್ತು ಹಿಂದಕ್ಕೆ ಎಳೆದು, ನಾಲ್ಕೂ ಕಾಲನ್ನು ಬಾವಿಯಲ್ಲಿ ಈಜುವವರ ಹಾಗೆ ಬಡಿಯತೊಡಗಿತು. ಬಾಯಲ್ಲಿ ನೊರೆ, ಕೆಳಗೆ ನೆಲವೆಲ್ಲ ಒದ್ದೆ. "ಗಾಳಿ ಬಡದದ, ಬೀಗದ ಕೈ ತಾ" ಅಂತ ಅಜ್ಜಿ ಕೂಗಿದಳು. ನಮ್ಮ ವಿಜಯಪುರದ ಕಡೆ ಮನುಷ್ಯರಿಗೆ ಮೂರ್ಛೆ ಬಂದರೂ ಇದೇ ಮದ್ದು: ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ. ಕಪಾಟು ತಡಕಾಡಿ ಬೀಗದ ಕೈ ತರುವಷ್ಟರಲ್ಲಿ ಚಿನ್ನಿ ಎದ್ದು ನಿಂತಿತ್ತು. ಅಜ್ಜಿ ಗೆದ್ದ ಮುಖ ಮಾಡಿದಳು. ನಾಯಿ ಮಾತ್ರ ನಮ್ಮ ಗುರುತೇ ಇಲ್ಲದಂತೆ ಅರ್ಧ ಗಂಟೆ ಗೋಡೆಗೆ ಹಾಯುತ್ತ ತಿರುಗಿತು. ಆಮೇಲೆ ಹಸಿದವರ ಹಾಗೆ ರೊಟ್ಟಿ ಬುಟ್ಟಿಗೇ ಬಾಯಿ ಹಾಕಿತು.

ಚಿನ್ನಿ ಎಂಟು ಕಿಲೋ ತೂಕದ ಬಿಳಿ ನಾಯಿ. ಓಣಿಯವರೆಲ್ಲ ಪೊಮೇರಿಯನ್ ಅನ್ನುತ್ತಾರೆ. ನಮ್ಮಲ್ಲಿ ಆ ಹೆಸರಿನಲ್ಲಿ ಸಾಕುವ ಬಹಳಷ್ಟು ನಾಯಿಗಳು ನಿಜಕ್ಕೂ ಇಂಡಿಯನ್ ಸ್ಪಿಟ್ಜ್. ಆಗ ಅದಕ್ಕೆ ಮೂರು ವರ್ಷ. ಈ ಮೂರರ ಲೆಕ್ಕ ಮುಂದೆ ಬೇಕಾಗುತ್ತದೆ.

ಪಶುವೈದ್ಯರು ನಾಯಿಯನ್ನು ಮುಟ್ಟುವ ಮೊದಲು ಕೇಳಿದ್ದು ಲಸಿಕೆ ಕಾರ್ಡು. ಕಾರಣ ಗೊತ್ತಿಲ್ಲದ ನರದ ಲಕ್ಷಣ ಅಂದಕೂಡಲೇ ಮೊದಲು ತೆಗೆದುಹಾಕಬೇಕಾದದ್ದು ರೇಬೀಸ್. ಆ ರೋಗದ ಲಕ್ಷಣ ಶುರುವಾದ ನಾಯಿ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ, ನಡುವೆ ಎದ್ದು ಬಾಲ ಅಲ್ಲಾಡಿಸುವುದಿಲ್ಲ. ಲಸಿಕೆ ಆಗದ ನಾಯಿಯ ಜೊಲ್ಲು ಗಾಯಕ್ಕೆ ತಾಗಿದರೆ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಓಡಬೇಕು. ಇದರಲ್ಲಿ ಚರ್ಚೆಗೆ ಜಾಗವೇ ಇಲ್ಲ. ಕಾರ್ಡು ನೋಡಿ ಡಿಸ್ಟೆಂಪರ್ ಅನ್ನೂ ಪಕ್ಕಕ್ಕೆ ಸರಿಸಿದರು. ಅದು ಮನುಷ್ಯರ ದಡಾರದ ವೈರಸ್ಸಿಗೆ ದಾಯಾದಿ. ಜ್ವರ, ಕೆಮ್ಮು ವಾಸಿಯಾಯಿತು ಅಂದುಕೊಂಡ ಎಷ್ಟೋ ವಾರಗಳ ಮೇಲೆ ಮಿದುಳಿನಲ್ಲಿ ತಲೆ ಎತ್ತಬಲ್ಲದು. ಆಗ ದವಡೆ ಏನೋ ಅಗಿಯುತ್ತಿರುವಂತೆ ಅದುರುತ್ತದೆ, ಇಲ್ಲವೇ ಒಂದು ಕಾಲು ನಿದ್ದೆಯಲ್ಲೂ ತಾಳ ಹಾಕುತ್ತದೆ.

ಆಮೇಲೆ ಬಂದ ಪ್ರಶ್ನೆಗಳು ನಮ್ಮ ಊರನ್ನು ಬಲ್ಲವರ ಪ್ರಶ್ನೆಗಳು. "ತೋಟಕ್ಕ ಹೋಗಿತ್ತೇನ್ರಿ? ಔಷಧ ಹೊಡದಿದ್ರೇನು?" ದ್ರಾಕ್ಷಿ ಬೆಳೆಯುವ ಸೀಮೆ ಇದು. ಆರ್ಗನೋಫಾಸ್ಫೇಟ್ ಕೀಟನಾಶಕ ದೇಹಕ್ಕೆ ಸೇರಿದರೆ, ನರದಿಂದ ಸ್ನಾಯುವಿಗೆ ಹೋದ ಸಂದೇಶವನ್ನು ಅಳಿಸುವ ಕಿಣ್ವವನ್ನೇ ಕಟ್ಟಿಹಾಕಿದಂತಾಗುತ್ತದೆ. ಜೊಲ್ಲು, ಕಣ್ಣೀರು, ಭೇದಿ, ಮೈಯೆಲ್ಲ ಕಂಪನ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಚಿನ್ನಿಯ ಪಾಪೆ ಸರಿಯಾಗಿತ್ತು. "ಒಣದ್ರಾಕ್ಷಿ ತಿಂತದೇನು?" ಎಂದಾಗ ಮಾತ್ರ ನಾನು ಬೆಚ್ಚಿದೆ. ತಿಕೋಟಾ ಕಡೆಯ ನೆಂಟರು ಕಳಿಸುವ ಒಣದ್ರಾಕ್ಷಿಯನ್ನು ಕಾಳು ಕಾಳಾಗಿ ತಿನ್ನಿಸುತ್ತಿದ್ದವನು ನಾನೇ. ದ್ರಾಕ್ಷಿ ಹಸಿಯಿರಲಿ ಒಣಗಿರಲಿ, ಕೆಲವು ನಾಯಿಗಳ ಕಿಡ್ನಿಯನ್ನು ಹಾಳುಮಾಡುತ್ತದೆ. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕು ಎಂಬ ವಾದ 2021ರಲ್ಲಿ ಮುಂದೆ ಬಂತು. ಆ ಲೆಕ್ಕಕ್ಕೆ ಹುಣಸೆಹಣ್ಣೂ ಅನುಮಾನದ ಪಟ್ಟಿಯಲ್ಲಿದೆ. ಕಿಡ್ನಿ ಕೈಕೊಟ್ಟು ರಕ್ತದಲ್ಲಿ ಕಲ್ಮಶ ಏರಿದರೂ ಹೀಗೆ ಸೆಟೆದು ಬೀಳುವ ಸೆಳವು ಬರಬಹುದು. ಚಿನ್ನಿಯ ಕಿಡ್ನಿ ಚೆನ್ನಾಗಿಯೇ ಇತ್ತು. ನನ್ನ ಪುಣ್ಯ.

ಸಣ್ಣ ನಾಯಿಗಳಿಗೆ ಅವುಗಳದೇ ಬೇರೆ ಪೀಡೆಗಳು. ಪುಟ್ಟ ತಳಿಯ ಮರಿಗಳು ಒಂದು ಹೊತ್ತು ಊಟ ತಪ್ಪಿದರೂ ರಕ್ತದ ಸಕ್ಕರೆ ಇಳಿದು ಬೀಳಬಲ್ಲವು. ಕೆಲವಕ್ಕೆ ಹುಟ್ಟಿನಿಂದಲೇ ಒಂದು ರಕ್ತನಾಳ ಯಕೃತ್ತಿನ ದಾರಿ ತಪ್ಪಿಸಿ ಹೋಗಿರುತ್ತದೆ. ಕರುಳಿನ ಅಮೋನಿಯಾ ಸೋಸದೆಯೇ ಮಿದುಳಿಗೆ ಏರಿ, ಊಟವಾದ ಮೇಲೆ ನಾಯಿಗೆ ಮಂಕು ಕವಿಯುತ್ತದೆ. ಉಣ್ಣಿ ತರುವ ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಸಿ ಮಿದುಳಿನಲ್ಲಿ ರಕ್ತ ಸೋರಿಸಲೂಬಹುದು. ಅಜ್ಜಿಯ ಸಕ್ಕರೆ ಕಾಯಿಲೆಯ ಮಶೀನಿನಲ್ಲೇ ಚಿನ್ನಿಯ ಕಿವಿಯಂಚಿನ ಒಂದು ಹನಿ ರಕ್ತ ನೋಡಿದೆವು. ಮನುಷ್ಯರ ಮಶೀನು ನಾಯಿಯ ಸಕ್ಕರೆಯನ್ನು ಸ್ವಲ್ಪ ಕಡಿಮೆಯೇ ತೋರಿಸುತ್ತದಂತೆ. ಆದರೂ ಅಂಕಿ ಭದ್ರವಾಗಿತ್ತು. ವೈದ್ಯರು ಅದರ ಪಂಜವನ್ನು ಮಡಚಿ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಟ್ಟರು. ಕಣ್ಣು ಮಿಟುಕಿಸುವುದರೊಳಗೆ ಚಿನ್ನಿ ಸರಿಮಾಡಿಕೊಂಡಿತು. ತನ್ನ ಪಾದ ಎಲ್ಲಿದೆ ಎಂಬುದು ಮಿದುಳಿಗೆ ಗೊತ್ತಿದೆಯೇ ಎಂದು ತಿಳಿಯಲು ಇದಕ್ಕಿಂತ ಅಗ್ಗದ ಪರೀಕ್ಷೆ ಇಲ್ಲ. ಎಲ್ಲ ಸರಿ. ಹಾಗಾದರೆ ಏನು?

"ಮುಂದಿನ ಸಲ ಅಳಬ್ಯಾಡ್ರಿ, ವಿಡಿಯೋ ಮಾಡ್ರಿ, ಗಡಿಯಾರ ನೋಡ್ರಿ" ಅಂದರು. ಇಷ್ಟಕ್ಕೇ ಫೀಸು ಕೊಟ್ಟೆನಲ್ಲ ಅನಿಸಿತ್ತು. ಈಗ ಅನಿಸುವುದು, ಅಂದು ಸಿಕ್ಕ ಅತಿ ಬೆಲೆಬಾಳುವ ಮಾತು ಅದೇ ಎಂದು. ಹೃದಯದ ತೊಂದರೆಯಿಂದ ಬೀಳುವ ನಾಯಿ ಸಾಮಾನ್ಯವಾಗಿ ಬಟ್ಟೆಯ ಹಾಗೆ ಕುಸಿದು ಬೇಗ ಏಳುತ್ತದೆ. ಒಳಗಿವಿಯ ತೊಂದರೆಯ ನಾಯಿ ತಲೆ ವಾಲಿಸಿ, ಕಣ್ಣುಗುಡ್ಡೆ ಆಚೀಚೆ ಓಡಿಸುತ್ತದೆ, ಎಚ್ಚರ ಮಾತ್ರ ಪೂರ್ತಿ ಇರುತ್ತದೆ. ಮಾತಿನಲ್ಲಿ ನಾವು ಇವೆರಡು ಮತ್ತು ಸೆಳವು, ಮೂರನ್ನೂ "ತಿರುಗಿ ಬಿತ್ತು" ಅಂತಲೇ ಹೇಳುತ್ತೇವೆ. ವಿಡಿಯೋದಲ್ಲಿ ಮೂರೂ ಬೇರೆ ಬೇರೆ.

ಅಜ್ಜಿಗೆ ಅಮಾವಾಸ್ಯೆಯ ಮೇಲೆ ಗುಮಾನಿ. ಸರಿ, ಗೋಡೆಯ ಕ್ಯಾಲೆಂಡರಿನಲ್ಲೇ ಕೆಂಪು ಪೆನ್ನಿನಿಂದ ಗುರುತು ಹಾಕತೊಡಗಿದೆವು. ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಗುರುತು. ಅಮಾವಾಸ್ಯೆಯ ಹಿಂದುಮುಂದು ಬಿದ್ದದ್ದು ಒಂದೇ. ಏಳು ಸಲ ಬಂದದ್ದು ನಿದ್ದೆಯಲ್ಲಿ. ಅಜ್ಜಿ ಒಪ್ಪಲಿಲ್ಲ, ಆದರೆ ಕ್ಯಾಲೆಂಡರ್ ನೋಡುವುದನ್ನೂ ಬಿಡಲಿಲ್ಲ.

ಎರಡನೆಯ ಸಲದ ವಿಡಿಯೋ ನೋಡಿದ ಮೇಲೆ ರೋಗಕ್ಕೆ ಹೆಸರು ಬಂತು: ಇಡಿಯೋಪಥಿಕ್ ಎಪಿಲೆಪ್ಸಿ. ಗ್ರೀಕಿನ 'ಇಡಿಯೋಸ್' ಅಂದರೆ ತನ್ನದೇ ಆದದ್ದು. ಬೇರೆ ರೋಗದ ಬಾಲವಾಗಿ ಬಂದದ್ದಲ್ಲ, ತನಗೆ ತಾನೇ ನಿಂತ ಬೇನೆ. ಗೊತ್ತಿಲ್ಲ ಅನ್ನುವುದಕ್ಕೆ ಕೋಟು ಹಾಕಿಸಿದ್ದಾರೆ ಅಂತ ನಾನು ನಕ್ಕಿದ್ದೆ. ಆದರೆ ಆ ಹೆಸರು ಸುಮ್ಮನೆ ಸಿಗುವುದಲ್ಲ. ಪಶು ಅಪಸ್ಮಾರದ ಅಂತರರಾಷ್ಟ್ರೀಯ ತಜ್ಞರ ತಂಡವೊಂದು 2015ರಲ್ಲಿ ಈ ರೋಗವನ್ನು ಗುರುತಿಸಲು ಮೂರು ಮೆಟ್ಟಿಲು ಕಟ್ಟಿಕೊಟ್ಟಿದೆ. ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಸೆಳವು, ಮೊದಲ ಸೆಳವಿನ ಹೊತ್ತಿಗೆ ವಯಸ್ಸು ಆರು ತಿಂಗಳಿಂದ ಆರು ವರ್ಷದೊಳಗೆ, ನಡುವಿನ ದಿನಗಳಲ್ಲಿ ಪರೀಕ್ಷೆ ಸಹಜ, ರಕ್ತ-ಮೂತ್ರ ಸಹಜ. ಇಷ್ಟಾದರೆ ಮೊದಲ ಮೆಟ್ಟಿಲು. ಎಂಆರ್‌ಐ ಮತ್ತು ಬೆನ್ನುಹುರಿ ದ್ರವದ ಪರೀಕ್ಷೆ ಎರಡನೆಯದು. ಮೂರನೆಯದು ಮಿದುಳಿನ ವಿದ್ಯುತ್ ರೇಖೆ, ಅಂದರೆ ಇಇಜಿ. ಚಿನ್ನಿಯ ಮೂರು ವರ್ಷ ಕೆಲಸಕ್ಕೆ ಬಂದದ್ದು ಇಲ್ಲಿ. ಅದೇ ಒಂಬತ್ತು ವರ್ಷದ ನಾಯಿ ಮೊದಲ ಸಲ ಬಿದ್ದಿದ್ದರೆ ಗಡ್ಡೆಯ ಅನುಮಾನ ಮುಂದೆ ಬರುತ್ತಿತ್ತು, ನಾವು ದೊಡ್ಡ ಊರಿನ ಬಸ್ಸು ಹತ್ತಬೇಕಾಗುತ್ತಿತ್ತು.

ಸೆಳವು ಅಂದರೆ ಏನೆಂದು ಕೇಳಿದ ಮಗಳಿಗೆ ಗೋಳಗುಮ್ಮಟದ ಗ್ಯಾಲರಿ ನೆನಪಿಸಿದೆ. ಒಂದು ಚಪ್ಪಾಳೆ ಹಲವು ಸಲ ಮರಳುತ್ತದೆ. ಶಾಲೆಯ ಪ್ರವಾಸದ ದಿನ ನೂರು ಮಕ್ಕಳು ಒಟ್ಟಿಗೆ ಕಿರುಚಿದರೆ ಪಕ್ಕದವರ ಮಾತೂ ಕೇಳದು. ಮಿದುಳಿನಲ್ಲಿ ಗ್ಲುಟಮೇಟ್ ಕೂಗು ಹಾಕಿಸುವ ರಾಸಾಯನಿಕ, ಗ್ಯಾಬಾ "ಶ್ಶ್" ಅನ್ನುವ ಕಾವಲುಗಾರ. ಕಾವಲುಗಾರನ ಕೈ ಸೋತ ಹೊತ್ತಿಗೆ ನರಕೋಶಗಳೆಲ್ಲ ಒಂದೇ ತಾಳದಲ್ಲಿ ಕೂಗುತ್ತವೆ, ಕಾಲು ಬಡಿಯುತ್ತದೆ. ಹೋಲಿಕೆ ಒಂದು ಕಡೆ ಕುಂಟುತ್ತದೆ: ಪ್ರತಿಧ್ವನಿ ಮರಳುತ್ತ ಕ್ಷೀಣಿಸುತ್ತದೆ, ಸೆಳವು ಮೊದಲು ಹಬ್ಬುತ್ತದೆ. ಆಮೇಲೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಬೀಗದ ಕೈ ಹುಡುಕಲು ಹಿಡಿಯುವ ಸಮಯವೂ ಹೆಚ್ಚುಕಡಿಮೆ ಅಷ್ಟೇ. ಅದರ ಕೀರ್ತಿಯ ಗುಟ್ಟು ಇದೇ.

ಐದು ನಿಮಿಷ ದಾಟಿದರೆ ಮಾತ್ರ ಪರಿಸ್ಥಿತಿ ಬೇರೆ. ಒಂದೇ ಸಮನೆ ದುಡಿಯುವ ಸ್ನಾಯು ಮೈಯನ್ನು ಬೇಯಿಸುತ್ತದೆ, ಮೇ ತಿಂಗಳ ನಮ್ಮ ಬಿಸಿಲಿನಲ್ಲಂತೂ ಕೇಳುವುದೇ ಬೇಡ. ಆಗ ತಣ್ಣೀರ ಬಟ್ಟೆ, ಫ್ಯಾನು, ತಡಮಾಡದೆ ಆಸ್ಪತ್ರೆ. ದಿನದೊಳಗೆ ಎರಡು ಸಲ ಬಂದರೂ ಹಾಗೇ. ಬಾಯಿಗೆ ಬೆರಳಾಗಲಿ ಚಮಚವಾಗಲಿ ಬೇಡ. ನಾಯಿ ನಾಲಿಗೆ ನುಂಗುವುದಿಲ್ಲ, ನಿಮ್ಮ ಬೆರಳನ್ನು ಮಾತ್ರ ಕಚ್ಚೀತು.

ಚಿನ್ನಿಗೆ ಬರೆದುಕೊಟ್ಟದ್ದು ಫಿನೋಬಾರ್ಬಿಟಾಲ್. 1912ರಲ್ಲಿ ನಿದ್ದೆಯ ಮಾತ್ರೆಯಾಗಿ ಮಾರುಕಟ್ಟೆಗೆ ಬಂದ ಔಷಧ. ಅದೇ ವರ್ಷ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಎಂಬ ವೈದ್ಯ, ನಿದ್ದೆ ಬರಲೆಂದು ಅದನ್ನು ಕೊಟ್ಟ ರೋಗಿಗಳಿಗೆ ಮೂರ್ಛೆಯೂ ಕಡಿಮೆಯಾದದ್ದನ್ನು ಗಮನಿಸಿದ. ಅದು ಗ್ಯಾಬಾದ ಕೈ ಬಲಪಡಿಸುತ್ತದೆ. ಹನ್ನೆರಡು ತಾಸಿಗೊಮ್ಮೆ ತಪ್ಪದೆ ಕೊಡಬೇಕು, ರಕ್ತದಲ್ಲಿ ಮಟ್ಟ ನಿಲ್ಲಲು ಎರಡು ವಾರ ಬೇಕು, ಆಗಾಗ ಯಕೃತ್ತು ನೋಡಿಸಬೇಕು, ಒಮ್ಮೆಲೇ ನಿಲ್ಲಿಸಕೂಡದು. ಹಸಿವು, ನೀರಡಿಕೆ ಹೆಚ್ಚುತ್ತದೆ. ರೊಟ್ಟಿ ಬುಟ್ಟಿ ಈಗ ಗೂಟಕ್ಕೆ ತೂಗಿದೆ.

ಇದು ಮನುಷ್ಯರ ಔಷಧದ ಅಂಗಡಿಯಲ್ಲೇ ಸಿಗುವ ಮಾತ್ರೆ, ಚೀಟಿ ಇಲ್ಲದೆ ಕೊಡುವುದಿಲ್ಲ. ಅಂಗಡಿಯವನು ದಪ್ಪ ಪುಸ್ತಕ ತೆರೆದು "ಪೇಶಂಟ್ ಹೆಸರು?" ಅಂದ.

"ಚಿನ್ನಿ."

"ವಯಸ್ಸು?"

"ಮೂರು."

ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಅಯ್ಯ, ಕೂಸಿಗೇನ್ರಿ ಪಾಪ!"

ಔಷಧ ಹಾಕಿದರೂ ಎಲ್ಲ ನಾಯಿಗಳಲ್ಲಿ ಪೂರ್ತಿ ನಿಲ್ಲುವುದಿಲ್ಲ. ಸೆಳವು ಅರ್ಧಕ್ಕಿಳಿದರೂ ವೈದ್ಯರು ಗೆಲುವು ಅನ್ನುತ್ತಾರೆ. ಹೋದ ವಾರ ನಸುಕಿನಲ್ಲಿ ಚಿನ್ನಿಯ ಉಗುರು ನೆಲಕ್ಕೆ ಬಡಿಯುವ ಸದ್ದಿಗೆ ಎದ್ದು ಓಡಿದೆ. ಅಜ್ಜಿ ಆಗಲೇ ದಿಂಬು ಸರಿಸಿ, ಲೈಟು ಹಾಕಿ, ಗೋಡೆಯ ಗಡಿಯಾರದ ಮೇಲೆ ಕಣ್ಣಿಟ್ಟು ಕೂತಿದ್ದಳು. "ಐವತ್ತು ಸೆಕೆಂಡ್ ಆತು ನೋಡು, ಬರಕೋ" ಅಂದಳು. ಇನ್ನೊಂದು ಕೈಯಲ್ಲಿ ಬೀಗದ ಕೈ ಇತ್ತು.