ಸಂಧಿವಾತದ ಚಿಕಿತ್ಸೆ ಮತ್ತು ಯಕೃತ್ತಿನಲ್ಲಿ ಅಡಗಿರುವ ಹೆಪಟೈಟಿಸ್ ಬಿ

ರುಮಟಾಯ್ಡ್ ಸಂಧಿವಾತ, ಲೂಪಸ್ ಮೊದಲಾದ ಕಾಯಿಲೆಗಳಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಮೇಲೆ, ಕೆಲವೊಮ್ಮೆ ಮೂತ್ರಪಿಂಡದ ಮೇಲೂ ತಿರುಗಿಬೀಳುವುದರಿಂದ, ಅದನ್ನು ತಗ್ಗಿಸುವ ಔಷಧಗಳನ್ನು ವರ್ಷಗಟ್ಟಲೆ ಕೊಡಬೇಕಾಗುತ್ತದೆ. ಈ ಔಷಧಗಳು ಅಸಂಖ್ಯ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ನಡೆಯುವಂತೆ ಮಾಡಿವೆ, ಅವುಗಳಿಗೆ ಹೆದರಬೇಕಿಲ್ಲ. ಆದರೆ ಅವನ್ನು ಆರಂಭಿಸುವ ಮುನ್ನ ಯಕೃತ್ತಿನಲ್ಲಿ ಹೆಪಟೈಟಿಸ್ ಬಿ ವೈರಸ್ ಅಡಗಿದೆಯೇ ಎಂದು ನೋಡಲೇಬೇಕು.

ಈ ವೈರಸ್ಸಿನ ಡಿಎನ್‌ಎ ಯಕೃತ್ತಿನ ಜೀವಕೋಶಗಳ ಕೇಂದ್ರವನ್ನು ಹೊಕ್ಕು, ಮುಚ್ಚಿದ ಉಂಗುರದ ರೂಪ ತಾಳಿ ಅಲ್ಲಿಯೇ ನೆಲೆಸುತ್ತದೆ. ಸೋಂಕು ವಾಸಿಯಾಯಿತೆಂದು ಎಲ್ಲರೂ ಭಾವಿಸಿದ ಮೇಲೂ ಅದು ದಶಕಗಳ ಕಾಲ ಉಳಿಯಬಲ್ಲದು. ಅದು ತಲೆಯೆತ್ತದಂತೆ ಕಾಯುವವು ನಮ್ಮ ರೋಗನಿರೋಧಕ ವ್ಯವಸ್ಥೆಯ ಟಿ ಮತ್ತು ಬಿ ಕೋಶಗಳು. ಸಂಧಿವಾತದ ಔಷಧಗಳಲ್ಲಿ ಹಲವು ತಗ್ಗಿಸುವುದೂ ಇದೇ ಕೋಶಗಳನ್ನು. ಬಿ ಕೋಶಗಳನ್ನೇ ಅಳಿಸುವ ರಿಟುಕ್ಸಿಮ್ಯಾಬ್‌ನಿಂದ ಅಪಾಯ ಎಲ್ಲಕ್ಕಿಂತ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2013ರಲ್ಲಿ ಈ ಬಗ್ಗೆ ತನ್ನ ಅತ್ಯಂತ ಕಟುವಾದ ಎಚ್ಚರಿಕೆಯನ್ನೇ ನೀಡಿತು. ಹೆಚ್ಚಿನ ಪ್ರಮಾಣದ ಸ್ಟಿರಾಯ್ಡ್ ಕೂಡ ಕಡಿಮೆಯೇನಲ್ಲ. ಅದು ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವುದರ ಜೊತೆಗೆ ವೈರಸ್ಸಿನ ಡಿಎನ್‌ಎಯನ್ನು ನೇರವಾಗಿಯೂ ಪ್ರಚೋದಿಸುತ್ತದೆ.

ತೊಡಕು ಇರುವುದು ಪರೀಕ್ಷೆಯಲ್ಲಿ. ಅಮೆರಿಕದ ವಿಜ್ಞಾನಿ ಬಾರೂಕ್ ಬ್ಲಂಬರ್ಗ್ ಪತ್ತೆಹಚ್ಚಿದ, ಅವರಿಗೆ 1976ರ ನೊಬೆಲ್ ತಂದುಕೊಟ್ಟ ಎಚ್‌ಬಿಎಸ್‌ಎಜಿ ಎಂಬ ಹೊರಕವಚದ ಪ್ರೋಟೀನನ್ನೇ ಸಾಮಾನ್ಯವಾಗಿ ರಕ್ತದಲ್ಲಿ ಹುಡುಕಲಾಗುತ್ತದೆ. ಅಡಗಿದ ಸೋಂಕಿನಲ್ಲಿ ಅದು ಸಿಗುವುದಿಲ್ಲ. ವೈರಸ್ಸಿನ ಒಳತಿರುಳಿನ ವಿರುದ್ಧ ಹುಟ್ಟುವ ಪ್ರತಿಕಾಯ, ಅಂದರೆ ಆಂಟಿ-ಎಚ್‌ಬಿಸಿ, ಹಿಂದೊಮ್ಮೆ ಸೋಂಕು ತಗುಲಿದವರಲ್ಲಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಲಸಿಕೆಯಲ್ಲಿ ಹೊರಕವಚದ ಪ್ರೋಟೀನ್ ಮಾತ್ರ ಇರುವುದರಿಂದ, ಕೇವಲ ಲಸಿಕೆ ಪಡೆದವರಲ್ಲಿ ಈ ಪ್ರತಿಕಾಯ ಹುಟ್ಟುವುದಿಲ್ಲ. ಆದ್ದರಿಂದ ಎರಡೂ ಪರೀಕ್ಷೆಗಳನ್ನು ಒಟ್ಟಿಗೆ ಮಾಡಿಸಬೇಕು. ಎರಡನೆಯದು ಪಾಸಿಟಿವ್ ಬಂದರೆ ವೈರಸ್ಸಿನ ಡಿಎನ್‌ಎಯನ್ನೂ ಅಳೆಯಬೇಕು. ಕೆಲವೇ ಜನರಲ್ಲಿ ಪ್ರತಿಕಾಯವೂ ಕಾಣದೆ ಡಿಎನ್‌ಎ ಮಾತ್ರ ಸಿಗುವುದುಂಟು.

ಭಾರತದಲ್ಲಿ ಈ ಮಾತಿಗೆ ಹೆಚ್ಚು ತೂಕವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ದೇಶದ ಸುಮಾರು 2.98 ಕೋಟಿ ಜನರಲ್ಲಿ ಹೆಪಟೈಟಿಸ್ ಬಿ ಇತ್ತು. ಶಿಶುಗಳಿಗೆ ಇದರ ಲಸಿಕೆ ದೇಶದಾದ್ಯಂತ ದೊರೆತದ್ದು 2011ರ ಹೊತ್ತಿಗೆ. ಇಂದು ಸಂಧಿವಾತಕ್ಕೆ ಚಿಕಿತ್ಸೆ ಪಡೆಯುತ್ತಿರುವ ನಡುವಯಸ್ಕರು ಅದಕ್ಕೂ ಬಹಳ ಮೊದಲು ಹುಟ್ಟಿದವರು.

ವೈರಸ್ ಮರುಕಳಿಸಿದಾಗಲೂ ಅದು ಬೇಗ ಗುರುತಿಗೆ ಬರುವುದಿಲ್ಲ. ಯಕೃತ್ತಿನ ಕಿಣ್ವಗಳು ಏರಿದರೆ, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್‌ನ ಅಡ್ಡಪರಿಣಾಮ ಎಂದುಕೊಳ್ಳುವುದು ಸಹಜ, ಏಕೆಂದರೆ ಆ ಮಾತ್ರೆಯೂ ಅದನ್ನೇ ಮಾಡಬಲ್ಲದು. ಯಕೃತ್ತನ್ನು ಹಾಳುಗೆಡಹುವುದು ಬಹುಪಾಲು ವೈರಸ್ ಅಲ್ಲ, ಸೋಂಕಿತ ಕೋಶಗಳ ಮೇಲೆ ಎರಗುವ ನಮ್ಮದೇ ರಕ್ಷಣಾ ಕೋಶಗಳು. ಹೀಗಾಗಿ ಔಷಧವನ್ನು ತಗ್ಗಿಸಿ ರೋಗನಿರೋಧಕ ಶಕ್ತಿ ಮರಳುವ ಹೊತ್ತಿಗೇ ಕಾಮಾಲೆ ಕಾಣಿಸಿಕೊಳ್ಳಬಹುದು. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದೆನ್ನಲು ಇದೂ ಒಂದು ಕಾರಣ.

ಮೊದಲೇ ಗೊತ್ತಾದರೆ ತಡೆಯುವುದು ಕಷ್ಟವಲ್ಲ. ಆಂಟಿ-ಎಚ್‌ಬಿಸಿ ಮಾತ್ರ ಪಾಸಿಟಿವ್ ಇದ್ದು ಮೆಥೊಟ್ರೆಕ್ಸೇಟ್ ಒಂದನ್ನೇ ತೆಗೆದುಕೊಳ್ಳುವವರಿಗೆ ಆಗಾಗ ರಕ್ತಪರೀಕ್ಷೆ ಮಾಡಿಸುವುದು ಸಾಮಾನ್ಯವಾಗಿ ಸಾಕು. ರಿಟುಕ್ಸಿಮ್ಯಾಬ್ ಬೇಕಾದವರಿಗೆ ವೈರಸ್ಸನ್ನು ಹತ್ತಿಕ್ಕುವ ಎಂಟೆಕವಿರ್ ಅಥವಾ ಟೆನೊಫೊವಿರ್ ಮಾತ್ರೆಯನ್ನು ಮುಂಚಿತವಾಗಿಯೇ ಆರಂಭಿಸಿ, ಕೊನೆಯ ಡೋಸ್ ಮುಗಿದ ಮೇಲೂ ಕನಿಷ್ಠ 12 ತಿಂಗಳು ಮುಂದುವರಿಸುತ್ತಾರೆ. ಅಳಿದ ಬಿ ಕೋಶಗಳು ಮರಳಿ ಹುಟ್ಟಲು ತಿಂಗಳುಗಳೇ ಬೇಕಾಗುವುದರಿಂದ, ಆ ಮಾತ್ರೆ ನಿಂತ ನಂತರವೂ ಯಕೃತ್ತಿನ ಪರೀಕ್ಷೆಗಳನ್ನು ಕೆಲಕಾಲ ಬಿಡುವಂತಿಲ್ಲ.