ಬೇಸಿಗೆಯಲ್ಲಿ ಅಂಗಳದಲ್ಲೇ ಕಾರಿಗೆ ಕ್ಲಿಯರ್ ಹೊಡೆಯಬಹುದಾ?

ಪ್ರಶ್ನೆ: ನಮ್ಮದು ರಾಯಚೂರು. ಹಳೇ ಕಾರಿನ ಬಾನೆಟ್‌ಗೆ ನಾನೇ ಪೇಂಟ್ ಮಾಡಬೇಕು ಅಂತಿದ್ದೇನೆ. ಷೆಡ್ ಇಲ್ಲ, ಮನೆ ಮುಂದಿನ ಅಂಗಳವೇ ಗತಿ. ಈಗ ಮಧ್ಯಾಹ್ನ 40 ಡಿಗ್ರಿ ಇದೆ. ಬಿಸಿಲಿಗೆ ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಹೊಳಪಿನ ಪದರ) ಬೇಗ ಒಣಗುತ್ತೆ, ಒಳ್ಳೇದೇ ಅಲ್ವಾ?

ಉತ್ತರ: ಬೇಗ ಒಣಗುತ್ತದೆ, ನಿಜ. ತೊಂದರೆ ಇರುವುದೇ ಅಲ್ಲಿ.

ಕ್ಲಿಯರ್ ಹೊಳೆಯಬೇಕು ಅಂದರೆ ಸ್ಪ್ರೇ ಗನ್ನಿನಿಂದ ಬಂದ ಸಣ್ಣ ಹನಿಗಳು ಬಾನೆಟ್ ಮೇಲೆ ಬಿದ್ದು, ಒಂದರೊಳಗೊಂದು ಸೇರಿ, ಹರಡಿ ಸಮ ಆಗಬೇಕು. ಅದಕ್ಕೆ ಸ್ವಲ್ಪ ಹೊತ್ತು ಹಸಿಯಾಗಿರಬೇಕು. ಸೆಕೆಯಲ್ಲಿ, ಕ್ಲಿಯರ್ ತೆಳುವಾಗಲು ಬೆರೆಸಿದ ಥಿನ್ನರ್ ಗಾಳಿಯಲ್ಲೇ ಹಾರಿಹೋಗುತ್ತದೆ. ಹನಿ ಅರ್ಧ ಒಣಗಿಕೊಂಡೇ ಬಂದು ಕೂರುತ್ತದೆ. ಆಮೇಲೆ ಕೈ ಸವರಿದರೆ ಮರಳು ಉದುರಿಸಿದ ಹಾಗೆ ಒರಟು. ಇದು ಡ್ರೈ ಸ್ಪ್ರೇ. ಅಷ್ಟು ಕೆಡದಿದ್ದರೂ ಕಿತ್ತಳೆ ಸಿಪ್ಪೆ ಥರ ಗುಳಿಗುಳಿಯಾಗಿ ನಿಲ್ಲುತ್ತದೆ.

ಇದಕ್ಕೆ ಹೆದರಿ ದಪ್ಪಗೆ ಹೊಡೆದರೆ ಇನ್ನೊಂದು ಪಾಡು. ಮೇಲೆ ಕೆನೆ ಕಟ್ಟಿದ ಹಾಗೆ ಪದರ ಕಟ್ಟುತ್ತದೆ, ಕೆಳಗೆ ಥಿನ್ನರ್ ಸಿಕ್ಕಿಕೊಳ್ಳುತ್ತದೆ. ಅದು ಹೊರಬರುವಾಗ ಗುಳ್ಳೆ ಎಬ್ಬಿಸಿ ಒಡೆಯುತ್ತದೆ. ನನ್ನ ಮೊದಲ ಬಾನೆಟ್ ಹೀಗೇ ಹೋಯಿತು. ಬೆಳಿಗ್ಗೆ 11 ಗಂಟೆ, ಕಪ್ಪು ಬಣ್ಣ, ಎರಡನೇ ಕೋಟ್ ಹೊಡೆದಾಗ ಕನ್ನಡಿ ಥರ ಇತ್ತು. ಕಾಫಿ ಕುಡಿದು ಬರುವಷ್ಟರಲ್ಲಿ ಸೂಜಿಯಲ್ಲಿ ಚುಚ್ಚಿದಂಥ ನೂರಾರು ತೂತು! ಪಾಲಿಶ್ ಹೊಡೆದರೆ ಹೋಗುವ ತೂತಲ್ಲ ಅವು. ಪೂರ್ತಿ ಗಟ್ಟಿಯಾಗುವ ತನಕ ಕಾದು, ಉಜ್ಜಿ ತೆಗೆದು, ಮತ್ತೆ ಹೊಡೆಯಬೇಕಾಯಿತು.

ನೀವು 40 ಡಿಗ್ರಿ ಅಂತೀರಿ. ಅದು ಗಾಳಿಯ ಲೆಕ್ಕ. ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್‌ನ ತಗಡು 60 ಡಿಗ್ರಿ ದಾಟುತ್ತದೆ. ಕ್ಲಿಯರ್ ಕೂರುವುದು ತಗಡಿನ ಮೇಲೆ. ಆದ್ದರಿಂದ ಅಂಗೈಯನ್ನು ತಗಡಿನ ಮೇಲಿಡಿ (ಒರೆಸಿ ಶುಚಿ ಮಾಡುವ ಮೊದಲೇ, ಕೈಯ ಜಿಡ್ಡು ಉಳಿಯಬಾರದು). ಬೆಚ್ಚಗೆ ಅನಿಸಿದರೂ ಆವತ್ತಿಗೆ ಬಿಡಿ. ನೆರಳಿಗೆ ತಳ್ಳಿದ ತಕ್ಷಣ ತಗಡು ಆರುವುದಿಲ್ಲ, ಇಂಜಿನ್ ಓಡಿಸಿ ತಂದಿದ್ದರೆ ಕೇಳುವುದೇ ಬೇಡ.

ಹಾಗಾದರೆ ಯಾವಾಗ? ಬೆಳಗಿನ ಜಾವ. ರಾತ್ರಿಯೆಲ್ಲ ತಗಡು ಆರಿರುತ್ತದೆ, ಗಾಳಿ ಕಡಿಮೆ, ಧೂಳು ಎದ್ದಿರುವುದಿಲ್ಲ. ಇಬ್ಬನಿ ಬಿದ್ದಿದ್ದರೆ ಮಾತ್ರ ಪೂರ್ತಿ ಒಣಗಲಿ. ಸಂಜೆ ತಂಪು ಅಂತ ಅನಿಸುತ್ತದೆ, ಆದರೆ ನೆಲ ಇನ್ನೂ ಕಾವು ಉಗುಳುತ್ತಿರುತ್ತದೆ. ಲೈಟ್ ಹಾಕಿದರೆ ಹುಳ ಬಂದು ಕ್ಲಿಯರ್‌ಗೆ ಅಂಟುತ್ತವೆ. ಏಪ್ರಿಲ್, ಮೇನಲ್ಲಿ ಇದ್ದಕ್ಕಿದ್ದ ಹಾಗೆ ಗಾಳಿ-ಮಳೆ ಬೇರೆ.

ಈಗ ಥಿನ್ನರ್. ಬೇಸಿಗೆಗೆ ಬೇಕಾದ್ದು ಜಾಸ್ತಿ ಥಿನ್ನರ್ ಅಲ್ಲ, ನಿಧಾನಕ್ಕೆ ಆರುವ ಥಿನ್ನರ್. ಅಂಗಡಿಯಲ್ಲಿ ‘ಸ್ಲೋ’ ಅಂತ ಕೇಳಿ, ಕ್ಲಿಯರ್ ಯಾವ ಕಂಪನಿಯದೋ ಅದೇ ಕಂಪನಿಯದು ತನ್ನಿ. ಸುಮ್ನೆ ಸಿಕ್ಕ ಥಿನ್ನರ್ ಸುರಿದರೆ ಹೊಡೆಯುವಾಗ ಸಲೀಸು ಅನಿಸುತ್ತದೆ, ಆಮೇಲೆ ಕ್ಲಿಯರ್ ಸೋರಿ ಇಳಿಯುತ್ತದೆ. ಅಗ್ಗದ ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣಕ್ಕೆ ಬಳಸುವ) ಥಿನ್ನರ್ ಅಂತೂ 2ಕೆ ಕ್ಲಿಯರ್‌ಗೆ, ಅಂದರೆ ಗಟ್ಟಿಯಾಗಿಸುವ ಹಾರ್ಡ್ನರ್ ಬೆರೆಸಿ ಹೊಡೆಯುವ ಕ್ಲಿಯರ್‌ಗೆ, ಬೇಡವೇ ಬೇಡ. ಅದರಲ್ಲಿ ಆಲ್ಕೋಹಾಲ್ ಇದ್ದರೆ ಹಾರ್ಡ್ನರನ್ನು ಅದೇ ತಿಂದುಹಾಕುತ್ತದೆ, ಕ್ಲಿಯರ್ ಮೆತ್ತಗೇ ಉಳಿಯುತ್ತದೆ. ಹಾರ್ಡ್ನರ್ ಅಳತೆಯನ್ನು ಸೆಕೆ ನೋಡಿ ಕಡಿಮೆ-ಜಾಸ್ತಿ ಮಾಡುವುದೂ ತಪ್ಪು. ಡಬ್ಬಿ ಮೇಲೆ 2:1 (ಎರಡು ಪಾಲು ಕ್ಲಿಯರ್‌ಗೆ ಒಂದು ಪಾಲು ಹಾರ್ಡ್ನರ್) ಅಂತಿದ್ದರೆ 2:1, 4:1 ಅಂತಿದ್ದರೆ 4:1.

ಕಲಸಿಟ್ಟದ್ದು ಸೆಕೆಗೆ ಬೇಗ ಗಟ್ಟಿಯಾಗುತ್ತದೆ. 10 ಡಿಗ್ರಿ ಏರಿದರೆ ಸಿಗುವ ಹೊತ್ತು ಸುಮಾರು ಅರ್ಧಕ್ಕೆ ಇಳಿಯುತ್ತದೆ ಅಂದುಕೊಳ್ಳಿ. ಬೇಕಾದಷ್ಟೇ ಕಲಸಿ, ಕೆಲಸ ಮುಗಿದ ಕೂಡಲೇ ಗನ್ ತೊಳೆಯಿರಿ.

ಹೊಡೆಯುವಾಗ ಗನ್ ತಗಡಿನಿಂದ ಒಂದು ಗೇಣಿಗಿಂತ ದೂರ ಹೋಗಬಾರದು, ಇನ್ನೂ ಚೂರು ಹತ್ತಿರವಿದ್ದರೆ ಲೇಸು. ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಅರ್ಧಕ್ಕಿಂತ ಜಾಸ್ತಿ ಕೂರಲಿ. ಮೊದಲ ಕೋಟ್ ಆದ ಮೇಲೆ ಪಕ್ಕದ ಮಾಸ್ಕಿಂಗ್ ಪೇಪರ್ ಮೇಲೆ ಬಿದ್ದ ಕ್ಲಿಯರನ್ನು ಬೆರಳಿನಿಂದ ಮುಟ್ಟಿ. ನೂಲು ಎಳೆದ ಹಾಗೆ ಬಂದರೆ ಇನ್ನೂ ಕಾಯಿರಿ. ಅಂಟು ಇದ್ದು ನೂಲು ಬರದಿದ್ದರೆ ಎರಡನೇ ಕೋಟ್. ಸೆಕೆ ಇದೆ ಅಂತ ಈ ಕಾಯುವುದನ್ನು ಬಿಟ್ಟರೆ ನನ್ನ ಬಾನೆಟ್ಟಿನ ಗತಿಯೇ.

ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂರುತ್ತದೆ. ಹಣೆಗೆ ಬಟ್ಟೆ ಕಟ್ಟಿಕೊಳ್ಳಿ. ಬಗ್ಗಿದಾಗ ಒಂದು ಹನಿ ಬೆವರು ಬಿದ್ದರೂ ಅಲ್ಲಿ ಗುಳಿ. ಕಂಪ್ರೆಸರ್ ಟ್ಯಾಂಕಿನ ನೀರನ್ನು ಮೊದಲೇ ಬಿಟ್ಟುಬಿಡಿ. ಮಂಗಳೂರು, ಕಾರವಾರದ ಕಡೆಯವರಿಗೆ ಇದು ಇನ್ನೂ ಮುಖ್ಯ, ಅಲ್ಲಿನ ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ.

ಬಯಲಲ್ಲಿ ಹೊಡೆಯುತ್ತೇನೆ, ಮಾಸ್ಕ್ ಯಾಕೆ ಅಂತ ಕೇಳುವವರು ಬಹಳ. 2ಕೆ ಹಾರ್ಡ್ನರಿನಲ್ಲಿ ಐಸೋಸಯನೇಟ್ ಇರುತ್ತದೆ. ಅದು ಆಸ್ತಮಾ ತರಿಸಬಲ್ಲದು. ಒಮ್ಮೆ ಮೈಗೆ ಒಗ್ಗದೆ ಹೋದರೆ ಮುಂದೆ ಚೂರೇ ಚೂರು ತಗುಲಿದರೂ ಉಸಿರು ಕಟ್ಟಬಹುದು. ವಾಸನೆ ಬರಲಿಲ್ಲ, ಹಾಗಾಗಿ ಇಲ್ಲ ಅನ್ನುವ ಹಾಗೂ ಇಲ್ಲ. ಕರವಸ್ತ್ರ, ಆಸ್ಪತ್ರೆಯ ಮಾಸ್ಕ್ ಇದಕ್ಕೆ ಲೆಕ್ಕಕ್ಕಿಲ್ಲ. ಹೊರಗಿನಿಂದ ಪೈಪಿನಲ್ಲಿ ಶುದ್ಧ ಗಾಳಿ ಬರುವ ಮಾಸ್ಕೇ ಸರಿಯಾದದ್ದು. ಅದು ಇಲ್ಲದಿದ್ದರೆ ಈ ಒಂದು ಕೆಲಸ ಮಾತ್ರ ಬೂತ್ (ಪೇಂಟ್ ಹೊಡೆಯುವ ಮುಚ್ಚಿದ ಕೋಣೆ) ಇರುವ ಪೇಂಟರ್‌ಗೆ ಕೊಡಿ ಅಂತಲೇ ಹೇಳುತ್ತೇನೆ. ಉಜ್ಜುವುದು, ಪಟ್ಟಿ (ಪುಟ್ಟಿ) ಹಾಕುವುದು ಎಲ್ಲ ನೀವೇ ಮಾಡಿಕೊಂಡರೆ ಖರ್ಚೂ ಉಳಿಯುತ್ತದೆ.

ನೀವೇ ಹೊಡೆದಿರಿ ಅನ್ನಿ, ಮುಗಿದ ಮೇಲೆ ಬಿಸಿಲಿಗೆ ಎಳೆಯಬೇಡಿ. ಮುಟ್ಟಿದರೆ ಅಂಟದಷ್ಟು ಆಗುವ ತನಕ ನೆರಳಲ್ಲೇ ಇರಲಿ, ಆಮೇಲೆ ಬೇಕಿದ್ದರೆ ಬಿಸಿಲು ಕಾಣಿಸಿ. ಒಂದೆರಡು ಧೂಳಿನ ಕಾಳು ಕೂತೇ ಕೂರುತ್ತವೆ. ಪೂರ್ತಿ ಗಟ್ಟಿಯಾದ ಮೇಲೆ 1500, ಆಮೇಲೆ 2000 ನಂಬರ್ ವಾಟರ್ ಪೇಪರ್ ಹಿಡಿದು, ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಿದರೆ ಹೋಗುತ್ತವೆ.